ಬಿದಿರಿನ ಮುಚ್ಚಳ

ತುಕಿರಾನ್‌ನನ್ನು ಒಳಗೆಳೆದುಕೊಂಡ, ಕಬ್ಬು ಸಾಗಿಸುವ ಯಂತ್ರದ ಸರಪಳಿಗೆ ಮುಚ್ಚಳವಿರಲಿಲ್ಲ. ಹಂಗಾಮಿನ ಮೊದಲ ದಿನವೇ ಅದನ್ನು ಬಿಚ್ಚಿಸಿ ಗೋದಾಮಿಗೆ ಹಾಕಿಸಿದ್ದರು.

ಈಗ ಅವನ ಅಂಗಳದಲ್ಲಿ, ಹೆಣವಿಟ್ಟ ಜನಾಜಾದ ಮೇಲೆ ಹಸಿರು ಬಟ್ಟೆ ಹೊದಿಸುತ್ತಿದ್ದ ಮಾರ್ಸುದಿಯ ಜೇಬಿಗೆ ಸಕ್ಕರೆ ಕಾರ್ಖಾನೆಯ ಇಂಜಿನಿಯರ್ ಹೆಂದ್ರಾತ್ಮೊ ಒಂದು ಚೀಟಿ ತುರುಕಿದರು. ಜಾವಾದ ಆ ಊರಲ್ಲಿ ಹೆಣ ಎತ್ತುವ ಮುಂಚೆ ಮನೆಯವರ ಪರವಾಗಿ ಒಬ್ಬರು ನಿಂತು, ಸತ್ತವನ ತಪ್ಪುಗಳಿಗೆ ನೆರೆದವರ ಕ್ಷಮೆ ಕೇಳಬೇಕು. ತುಕಿರಾನ್‌ಗೆ ಅಣ್ಣತಮ್ಮಂದಿರಿಲ್ಲ. ಹತ್ತೊಂಬತ್ತು ವರ್ಷ ಅವನ ಜೊತೆ ಒಂದೇ ಪಾಳಿಯಲ್ಲಿ ದುಡಿದ ಮಾರ್ಸುದಿಯೇ ಕೇಳಬೇಕಿತ್ತು.

"ಇದನ್ನೂ ಸೇರಿಸಿ ಓದಿಬಿಡಪ್ಪ," ಎಂದರು ಹೆಂದ್ರಾತ್ಮೊ ಮೆಲ್ಲಗೆ. "ಮುಚ್ಚಳ ಅವನೇ ತೆಗೆದಿದ್ದ, ಕಾರ್ಖಾನೆ ಅವನನ್ನ ಕ್ಷಮಿಸಲಿ ಅಂತ. ಮುಂದಿನ ಹಂಗಾಮಿಗೆ ಕೆಲಸದ ಪಟ್ಟೀಲಿ ನಿನ್ನ ಹೆಸರು ಇರಬೇಕಲ್ವಾ?"

ಮಾರ್ಸುದಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ನಲ್ಲಿಗೆ ಹೋಗಿ ಕೈ ತೊಳೆದ. ಬಂದು ಜನರ ಚಪ್ಪಲಿಗಳನ್ನು ಸಾಲಾಗಿಟ್ಟ. ಮತ್ತೆ ಕೈ ತೊಳೆದ. ಮೂಲೆಯಲ್ಲಿ ಬಿದಿರಿನ ಮುಚ್ಚಳದಡಿ ಕೋಳಿಗಳು ಕೊಕ್ ಕೊಕ್ ಎನ್ನುತ್ತಿದ್ದವು.

* * *

ಕಬ್ಬಿನ ಸಿಪ್ಪೆ ಸಿಕ್ಕಿಕೊಂಡಾಗಲೆಲ್ಲ ಯಂತ್ರ ನಿಲ್ಲಿಸಿ ಮುಚ್ಚಳ ಬಿಚ್ಚಬೇಕಿತ್ತು. "ತೆಗಿ ಅದನ್ನ," ಎಂದಿದ್ದರು ಹೆಂದ್ರಾತ್ಮೊ. ಸ್ಪ್ಯಾನರ್ ಹಿಡಿದದ್ದು ಮಾರ್ಸುದಿ.

ತುಕಿರಾನ್ ದೂರಿನ ಪುಸ್ತಕದಲ್ಲಿ ಮೂರು ಸಲ ಬರೆದ. ಆಮೇಲೆ ಬರೆಯುವುದು ಬಿಟ್ಟು, ಮನೆಯಲ್ಲಿ ಕೂತು ಬಿದಿರು ಸೀಳಿ, ಸರಪಳಿಯ ಅಳತೆಗೆ ಮುಚ್ಚಳವೊಂದನ್ನು ಹೆಣೆದು ತಂದ.

"ಏನಯ್ಯ, ಇಲ್ಲಿ ಮದುವೆ ಚಪ್ಪರ ಹಾಕ್ತೀಯಾ?" ಎಂದು ಹೆಂದ್ರಾತ್ಮೊ ಅದನ್ನು ಒದ್ದರು. ಎಲ್ಲರೂ ನಕ್ಕರು. ಮಾರ್ಸುದಿಯೂ ನಕ್ಕ.

ತುಕಿರಾನ್ ಅದನ್ನು ತಲೆಯ ಮೇಲಿಟ್ಟುಕೊಂಡು ಹೊರಟ. "ಬಿಡೋ ಮಾರ್ಸುದಿ. ನಮ್ಮನೆ ಕೋಳಿಗಾದ್ರೂ ಜೀವದ ಮೇಲೆ ಆಸೆ ಇದೆ."

* * *

"ಇವನು ಒಳ್ಳೆಯವನೇ?" ಎಂದು ಮೌಲ್ವಿ ಕೇಳಿದರು. ಒಳ್ಳೆಯವನು ಎಂದಿತು ಅಂಗಳ.

ಮಾರ್ಸುದಿ ಎದ್ದು ನಿಂತ. ಚೀಟಿ ಜೇಬಿನಲ್ಲೇ ಇತ್ತು.

"ತುಕಿರಾನ್ ಯಾರಿಗಾದ್ರೂ ಬೈದಿದ್ರೆ ಕ್ಷಮಿಸಿ. ಸರಪಳಿ ವಿಷಯಕ್ಕೆ ಅವನ ಪರವಾಗಿ ನಾನು ಕ್ಷಮೆ ಕೇಳಲ್ಲ. ಮುಚ್ಚಳ ತೆಗೆದ ಕೈ ನಂದು. ತೆಗಿ ಅಂದ ಬಾಯಿ ಅಲ್ಲಿ ನಿಂತಿದೆ."

ಬಾಗಿಲಲ್ಲಿದ್ದ ತುಕಿರಾನ್‌ನ ಹೆಂಡತಿ ಗಿನೆಮ್ ಮೂಲೆಗೆ ನಡೆದಳು. ಕೋಳಿಗಳು ಜನರ ಕಾಲಡಿ ಚೆಲ್ಲಾಪಿಲ್ಲಿಯಾದವು. ಹಿಕ್ಕೆ ಮೆತ್ತಿದ್ದ ಬಿದಿರಿನ ಮುಚ್ಚಳವನ್ನು ತಂದು ಗಂಡನ ಎದೆಯ ಮೇಲೆ, ಹಸಿರು ಬಟ್ಟೆಯ ಮೇಲೆ ಇಟ್ಟಳು.

ಹೆಂದ್ರಾತ್ಮೊ ಮುಂದೆ ಬಂದರು.

"ಮಾರ್ಸುದಿ, ತೆಗಿ ಅದನ್ನ."

ಮಾರ್ಸುದಿ ಮುಚ್ಚಳದ ಅಂಚನ್ನು ಎರಡೂ ಕೈಯಿಂದ ಒತ್ತಿ ಹಿಡಿದ.

"ತೆಗೆಯಲ್ಲ."