ಸಾಕೆಟ್ಟಿನೊಳಗಿನ ಕಾಣಿಕೆ

ಹೆಂಡತಿ ಎಲ್ಲಿಗೆ ಹೋಗುತ್ತಾಳೆಂದು ಫೋನಿನಲ್ಲಿ ಕಾವಲು ಕಾಯುವುದಕ್ಕೆ ಕಾರಿನೊಳಗೆ ಕ್ಯಾಮೆರಾ ಕಟ್ಟಿಸುವ ಗಂಡನಿಗೆ ಏನೆನ್ನಬೇಕು? ಪಾಂಡವಪುರದ ಸಿದ್ದರಾಜು ಅದನ್ನು ಸೇಫ್ಟಿ ಎನ್ನುತ್ತಿದ್ದ. ಗೇರಿನ ಮುಂದಿನ ಚಾರ್ಜರ್ ಸಾಕೆಟ್ಟಿನಿಂದ ಅದಕ್ಕೆ ಕರೆಂಟು. ಅದು ಮಾತನ್ನೂ ಕೇಳಿಸಿಕೊಳ್ಳುತ್ತಿತ್ತು. ಹೆಂಡತಿ ಹರ್ಷಿತ ಶ್ರೀರಂಗಪಟ್ಟಣದ ಶಾಲೆಗೆ ಪಾಠ ಮಾಡಲು ಹೋಗಿ ಬರುವಷ್ಟು ಹೊತ್ತೂ ಅದರ ಕೆಂಪು ದೀಪ ಅವಳನ್ನೇ ದುರುಗುಟ್ಟಿಕೊಂಡು ನೋಡುತ್ತಿತ್ತು.

ಅವಳಿಗೆ ಬೇಕಿದ್ದದ್ದು ಒಂದೇ, ನಾಗಮಂಗಲದ ಅಣ್ಣನ ಮನೆಯಲ್ಲಿ ಲಕ್ವ ಹೊಡೆದು ಮಲಗಿದ್ದ ತಾಯಿಯನ್ನು ನೋಡುವುದು. ಆದರೆ ಅಣ್ಣನ ಗೃಹಪ್ರವೇಶದಲ್ಲಿ ಅಳಿಯಂದಿರಿಗೆ ಬಟ್ಟೆ ಕೊಡುವಾಗ ಯಾರೋ ಚಿಕ್ಕ ಅಳಿಯನನ್ನು ಮೊದಲು ಕರೆದುಬಿಟ್ಟಿದ್ದರು. ಅಷ್ಟಕ್ಕೇ ದೊಡ್ಡ ಅಳಿಯ ಸಿದ್ದರಾಜು ಊಟದೆಲೆ ಬಿಟ್ಟು ಎದ್ದು ಬಂದಿದ್ದ. "ಆ ಮನೆ ಹೊಸಲು ತುಳುದ್ರೆ ಈ ಮನೆ ಹೊಸಲು ಮರ್ತ್ಬುಡು," ಎಂದು ಹೆಂಡತಿಗೆ ಹೇಳಿದ್ದ.

ಹೀಗಿರುವಾಗ, ಆಯುಧಪೂಜೆ ಕಳೆದ ಮೇಲೆ ಒಂದು ದಿನ ಗಂಜಾಮಿನ ನಿಮಿಷಾಂಬ ಗುಡಿಯ ಮುಂದೆ ಅವಳು ಕ್ಯಾಮೆರಾದ ಸಡಿಲ ಪ್ಲಗ್ಗನ್ನು ಕಿತ್ತು ಸರಿಮಾಡುವಾಗ, ಕೈಯಲ್ಲಿದ್ದ ಕಾಣಿಕೆಯ ಹೊಸ ರೂಪಾಯಿ ಬಿಲ್ಲೆ ತೂತಿನೊಳಕ್ಕೆ ಜಾರಿತು. ನೋಡದೆ ಪ್ಲಗ್ ಒತ್ತಿದಳು. ಚಿಟ್ ಎಂದು ಫ್ಯೂಸ್ ಸುಟ್ಟು ದೀಪ ಆರಿತು. ಬಿಲ್ಲೆಯನ್ನು ತೆಗೆಯಬಹುದಿತ್ತು, ತೆಗೆಯಲಿಲ್ಲ. ನೇರ ನಾಗಮಂಗಲಕ್ಕೆ ಹೋಗಿ ತಾಯಿಯ ಕೈಕಾಲಿಗೆ ಎಣ್ಣೆ ತಿಕ್ಕಿ, ಶಾಲೆಯಲ್ಲಿ ಮೀಟಿಂಗ್ ಇತ್ತೆಂದು ಹೇಳಿ ಮನೆ ಸೇರಿದಳು. ಸಿದ್ದರಾಜು ಫ್ಯೂಸ್ ಬದಲಿಸಿದ. ರಸ್ತೆಯ ಮೊದಲ ಉಬ್ಬಿಗೇ ಬಿಲ್ಲೆ ಅಲುಗಿ ಅದೂ ಸುಟ್ಟಿತು. ಅವನು ಬದಲಿಸುವುದು, ಅದು ಸುಡುವುದು, ಇವಳು ತಾಯಿಯ ಹತ್ತಿರ ಓಡುವುದು. ಹೀಗೇ ನಡೆಯಿತು.

ಕೊನೆಗೆ ಅವನಿಗೆ ರೇಗಿಹೋಯಿತು. ಶನಿವಾರ ಹೆಂಡತಿಯನ್ನೂ ತಾಯಿ ಚಿಕ್ಕಬೋರಮ್ಮನನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ಶ್ರೀರಂಗಪಟ್ಟಣದಲ್ಲಿ ಕಾರಿನ ವೈರಿಂಗ್ ನೋಡುವ ಕಾಳಾಚಾರಿಯ ಅಂಗಡಿಗೆ ಬಂದ.

"ಫ್ಯೂಸ್ ನಿಲ್ತಾನೇ ಇಲ್ಲ. ದಪ್ಪ ತಂತಿ ಸುತ್ಬುಡಿ ಅತ್ಲಾಗೆ."

"ತಂತಿ ಸುತ್ತುದ್ರೆ ಫ್ಯೂಸ್ ಬದ್ಲು ಕಾರೇ ಸುಡ್ತದೆ ಕಣಪ್ಪ," ಎಂದ ಕಾಳಾಚಾರಿ. ಕ್ಯಾಮೆರಾದ ಪ್ಲಗ್ ಕಿತ್ತು, ಹೊಸ ಫ್ಯೂಸ್ ಹಾಕಿ, ಕೀ ತಿರುಗಿಸಿದ. ಫ್ಯೂಸ್ ಸುಟ್ಟಿತು. "ನೋಡು, ಕ್ಯಾಮೆರಾ ನೆಟ್ಟಗದೆ. ಐಬು ಸಾಕೆಟ್ಟಲ್ಲೇ ಅದೆ."

ಹರ್ಷಿತ ಸೀಟಿನ ಅಂಚಿಗೆ ಸರಿದಳು. ಪಕ್ಕದ ಬಾಗಿಲು ತೆರೆದೇ ಇತ್ತು, ಆದರೆ ಇಳಿದು ಹೋಗುವುದಾದರೂ ಎಲ್ಲಿಗೆ? ಕಾಳಾಚಾರಿ ಬ್ಯಾಟರಿಯ ವೈರು ಬಿಚ್ಚಿ, ಟಾರ್ಚ್ ಬಿಟ್ಟು, ಚಿಮಟ ಇಳಿಸಿದ. ಅಂಚು ಕರ್ರಗೆ ಸುಟ್ಟಿದ್ದ ರೂಪಾಯಿ ಬಿಲ್ಲೆ ಮೇಲೆ ಬಂತು.

ಸಿದ್ದರಾಜು ನಿಧಾನವಾಗಿ ಹಿಂದಕ್ಕೆ ತಿರುಗಿದ. "ಯಾರ್ ಹಾಕಿದ್ದು ಇದ್ನ?"



"ನಾನೇ ಕಣ್ಲಾ," ಎಂದಳು ಚಿಕ್ಕಬೋರಮ್ಮ. "ಆಯುಧಪೂಜೆ ದಿನ. ಚಕ್ರಕ್ಕೆ ನಿಂಬೆಹಣ್ಣು ಮಡಗ್ದೆ. ಕಾಣಿಕೆ ಎಲ್ಲಿ ಆಕೋದು ಅಂತ ನೋಡ್ದೆ. ತೂತಿತ್ತು, ಆಕ್ದೆ."

ಕಾಳಾಚಾರಿ ನಕ್ಕುಬಿಟ್ಟ. "ಬಯ್ಬೇಡ ಬುಡಪ್ಪ. ಹಬ್ಬ ಆದ್ಮೇಲೆ ನಂಗೆ ಇದೇ ಕೆಲ್ಸ."

ಬಿಟ್ಟಾನೆಯೇ ಇವನು? "ಬುದ್ಧಿ ಅದಾ ನಿಂಗೆ? ಅದೇನ್ ಹುಂಡಿನಾ?" ಎಂದು ಹೆತ್ತ ತಾಯಿಗೆ ಬೀದಿಯಲ್ಲೇ ಬೈದ. ಮುದುಕಿ ತಲೆ ತಗ್ಗಿಸಿಕೊಂಡು ಅಷ್ಟನ್ನೂ ಕೇಳಿದಳು. ಹೊಸ ಫ್ಯೂಸ್ ನಿಂತಿತು, ಕ್ಯಾಮೆರಾ ಹೊತ್ತಿಕೊಂಡಿತು. ಬಚಾವಾದೆ ಎಂದುಕೊಳ್ಳುವ ಹೊತ್ತಿಗೇ ಹರ್ಷಿತಳಿಗೆ ಅಮ್ಮನ ಮುಖ ನೆನಪಾಯಿತು. ಇನ್ನು ಆ ದಾರಿ ಮುಚ್ಚಿಹೋಗಿತ್ತು.

ಮಾರನೆಯ ದಿನ ಸಿದ್ದರಾಜು ಬೈಕಿನಲ್ಲಿ ಕೆ.ಆರ್. ಪೇಟೆಯ ತನ್ನ ಪೈಪಿನ ಅಂಗಡಿಗೆ ಹೋದ ಮೇಲೆ, ಚಿಕ್ಕಬೋರಮ್ಮ ಒಳ್ಳೆಯ ಸೀರೆ ಉಟ್ಟು ಅಂಗಳಕ್ಕೆ ಬಂದಳು.

"ಅತ್ತೆ, ನಿನ್ನೆ ನೀವು ಯಾಕೆ..."

"ಫ್ಯೂಸ್ ಸುಟ್ಟ ದಿನ್ವೆಲ್ಲ ನಿನ್ ಸೀರೇಲಿ ತಿಕ್ಕೋ ಎಣ್ಣೆ ವಾಸ್ನೆ ಬತ್ತಿತ್ತು ಕಣವ್ವ. ನಮ್ಮವ್ವ ಸತ್ತಾಗ ನನ್ನ ಮಣ್ಣಿಗೂ ಕಳುಸ್ನಿಲ್ಲ, ಇವ್ನಪ್ಪ. ಕಾರ್ ತಗಿ."

ಇಬ್ಬರೂ ಮುಂದೆ ಕುಳಿತರು. ಕೆಂಪು ದೀಪ ಹೊತ್ತಿಕೊಂಡಿತು.

"ನಾಗಮಂಗಲಕ್ಕೆ ನಡಿ."

ಹರ್ಷಿತ ಗಾಬರಿಯಾಗಿ ಕ್ಯಾಮೆರಾದ ಕಡೆ ಕಣ್ಣು ಮಾಡಿದಳು. ಚಿಕ್ಕಬೋರಮ್ಮ ಅದರ ಹತ್ತಿರಕ್ಕೇ ಬಗ್ಗಿದಳು.

"ಸಿದ್ದ, ಕೇಳುಸ್ತಾ ಅದೇನ್ಲಾ? ಬೀಗ್ತಿ ನೋಡಕ್ ಓಯ್ತಾ ಇವ್ನಿ. ಆ ಮನೆ ಹೊಸಲು ಮೊದ್ಲು ತುಳಿಯೋಳು ನಾನು. ಆಚೆಗೆ ಆಕೋದಾದ್ರೆ ಮೊದ್ಲು ನನ್ನ ಆಕು. ಇವಳ್ದು ಆಮೇಲೆ."

ಜಕ್ಕನಹಳ್ಳಿ ದಾಟುವಷ್ಟರಲ್ಲಿ ಫೋನು ಬಡಿದುಕೊಳ್ಳತೊಡಗಿತು. ಸಿದ್ದರಾಜುವಿನ ಹೆಸರು. ಹರ್ಷಿತ ಕಾರನ್ನು ನಿಧಾನ ಮಾಡಿದಳು. ಮುದುಕಿ ಫೋನನ್ನು ಎತ್ತಿ ತನ್ನ ಮಡಿಲಿಗೆ ಹಾಕಿಕೊಂಡು ಸೆರಗು ಮುಚ್ಚಿದಳು.

"ಬಡ್ಕಳ್ಳಿ ಬುಡು," ಎಂದಳು. "ನೀನು ರಸ್ತೆ ನೋಡು."