ಎರಡು ಗಂಟೆಯ ಮಾತ್ರೆ

ಟಿವಿಎಸ್ ಸದ್ದು, ಭಾವನವರದೇ ಇರಬೇಕು, ಅಲ್ಲ, ಅದು ಆಚೆ ಬೀದಿಗೆ ತಿರುಗಿತು, ಆಗಲೇ ಎರಡೂ ಇಪ್ಪತ್ತು, ಎರಡಕ್ಕೆ ಕೊಡಬೇಕಿದ್ದ ಮಾರ್ಫಿನ್ ಮಾತ್ರೆ ಬೀರುವಿನೊಳಗೆ, ಬೀರುವಿನ ಬೀಗದ ಕೈ ಭಾವನವರ ಉಡಿದಾರದಲ್ಲಿ, ಭಾವ ಗುಬ್ಬಿ ಸಂತೆಯಲ್ಲಿ — ಅಯ್ಯೋ ಶಿವನೇ, ಹೆಸರುಕಾಳಿನಷ್ಟು ಮಾತ್ರೆ, ಅದಕ್ಕೊಂದು ಬೀಗ. ಅತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ, ನರಳುವುದಿಲ್ಲ, ಪುಟ್ಟತಾಯಮ್ಮ ನರಳಿದ್ದನ್ನು ನಿಟ್ಟೂರಿನಲ್ಲಿ ಯಾರೂ ಕೇಳಿಲ್ಲ, ಎರಡು ಹೆರಿಗೆಯಲ್ಲೂ ಕೇಳಿಲ್ಲವಂತೆ, ಎದೆಯ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದ ಮೇಲೂ ಇಲ್ಲ, ಕಂಬಳಿಯ ತುದಿಯಲ್ಲಿ ಕಾಲ್ಬೆರಳು ಮಾತ್ರ ಮಡಚಿಕೊಳ್ಳುತ್ತವೆ, ಬಿಚ್ಚುತ್ತವೆ, ಮತ್ತೆ ಮಡಚಿಕೊಳ್ಳುತ್ತವೆ. ಎಷ್ಟಿದೆ ಅತ್ತೆ ಈಗ? ಕೊಳಗ ಕಣವ್ವ. ಬೆಳಿಗ್ಗೆ ಪಾವು ಅಂದಿದ್ದರು. ಬೆಂಗಳೂರಿನ ಹದಿನೈದು ದಿನದ ಟ್ರೈನಿಂಗಿನಲ್ಲಿ, ನೋವು ಎಷ್ಟಿದೆ ಎಂದು ಸೊನ್ನೆಯಿಂದ ಹತ್ತರೊಳಗೆ ಕೇಳಿ ಎಂದು ಕಲಿಸಿದ್ದರು, ಮನೆಗೆ ಬಂದು ಕೇಳಿದರೆ ಅತ್ತೆ ನಕ್ಕುಬಿಟ್ಟರು, ನೋವ್ಗೂ ಮಾರ್ಕ್ಸ್ ಕೊಡ್ತಾರೇನೇ, ರಾಗಿ ಅಳೆದ ಕೈ ಅದು, ಆಮೇಲೆ ತಾವೇ ಅಳತೆ ಹುಡುಕಿಕೊಂಡರು, ಚಟಾಕು, ಪಾವು, ಸೇರು, ಬಳ್ಳ, ಎಲ್ಲಕ್ಕಿಂತ ಮೇಲೆ ಕೊಳಗ. ನಾನು ನರ್ಸ್ ಆಗಿರುವ ತುಮಕೂರಿನ ಆಸ್ಪತ್ರೆಯಲ್ಲಿ ಡಾಕ್ಟರಿಗೆ ಹೇಳಿದೆ, ಭೇಷ್ ಅಂದರು, ಈಗ ಪ್ರತಿ ಗುರುವಾರ ರೋಗಿಗಳ ಕಡೆಯವರನ್ನು ಕೂರಿಸಿಕೊಂಡು ನಾನೇ ಪಾಠ ಮಾಡುತ್ತೇನೆ, ನೋವು ಬಂದ ಮೇಲೆ ಓಡಾಡಬೇಡಿ, ಬರುವ ಮೊದಲೇ ಕೊಡಿ, ಗಡಿಯಾರ ನೋಡಿ ಕೊಡಿ, ಅವರಾಗಿ ಕೇಳಲಿ ಅಂತ ಕಾಯಬೇಡಿ, ಹೇಳಿದಷ್ಟೇ ಕೊಟ್ಟರೆ ಪ್ರಾಣಕ್ಕೇನೂ ಆಗಲ್ಲ, ಸಾವಿರಾರು ಜನರನ್ನು ನೋಡಿ ಬರೆದ ನಿಯಮ ಇದು — ಎಷ್ಟ್ ಚೆನ್ನಾಗ್ ಹೇಳ್ತೀರಾ ಮಂಗಳಗೌರಿ ಸಿಸ್ಟರ್, ಅನ್ನುತ್ತಾರೆ. ಊರಿಗೆಲ್ಲ ಹೇಳುತ್ತೇನೆ, ನನ್ನ ಮನೆಯ ಬೀರು ತೆಗೆಸಲಾರೆ.

ಅಣ್ಣನ್ ಜೊತೆ ನನ್ ಕೈಲಿ ಮಾತಾಡಕ್ಕಾಗಲ್ಲ ಕಣೇ, ನೀನೇ ನಿಧಾನಕ್ಕೆ ಹೇಳು, ಅನ್ನುತ್ತಾರೆ ನನ್ನ ಗಂಡ ರವೀಶ್. ನಿಧಾನಕ್ಕಂತೆ! ಭಾವ ಕೆಟ್ಟವರಾಗಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆ, ದಿನಾ ಬೆಳಿಗ್ಗೆ ಅವ್ವನ ತಲೆ ಬಾಚುವವರು ಅವರೇ, ಸಿಕ್ಕು ಬಿಡಿಸುವಾಗ ಅವರ ಕಣ್ಣು ಒದ್ದೆ. ಶುಕ್ರವಾರ ಬೀಗ ಹಾಕಿದರು, ಅವ್ವ ಕೇಳ್ದಾಗ ನಾನೇ ಕೊಡ್ತೀನಿ, ಸುಮ್ಸುಮ್ನೆ ಬೇಡಮ್ಮ. ಅವ್ವ ಕೇಳುವುದುಂಟೇ? ಏಳು ವರ್ಷದ ಹಿಂದೆ ಮಾವ, ಬೆಟ್ಟಯ್ಯ, ಇದೇ ಕೋಣೆ, ಉಸಿರು ಎಳೆಯುತ್ತಿದ್ದರು, ಡಾಕ್ಟರು ಬರೆದುಕೊಟ್ಟ ಇಂಜೆಕ್ಷನ್, ಇದೇ ಮಾರ್ಫಿನ್, ಒಂದು ಗಂಟೆಯಲ್ಲಿ ಹೋದರು, ಕೊಡದಿದ್ದರೂ ಅವತ್ತೇ ಹೋಗುತ್ತಿದ್ದರು, ಅದು ನನಗೆ ಗೊತ್ತು, ಭಾವನವರಿಗೆ ಗೊತ್ತಿರುವುದು ಸೂಜಿ ಹಿಡಿದ ಕೈ ನನ್ನದು ಅನ್ನುವುದಷ್ಟೇ. ಒಂದು ದಿನವೂ ಬಾಯಿ ಬಿಟ್ಟು ಅಂದಿಲ್ಲ. ಅಂದಿದ್ದರೆ ಉತ್ತರ ಕೊಡುತ್ತಿದ್ದೆ.

ಇದು ಅವರದೇ ಗಾಡಿ, ಸ್ಟ್ಯಾಂಡ್ ಹಾಕಿದ ಸದ್ದು, ಕಾಲು ತೊಳೆಯುವ ನೀರು, ಇನ್ನೂ ಬರಲಿಲ್ಲವಲ್ಲ, ಬಂದರು. ಭಾವ, ಎರಡು ಗಂಟೆದು ಕೊಡ್ಬೇಕಿತ್ತು. ಇರಮ್ಮ, ಅವ್ವನ್ನೇ ಕೇಳಾಣ — ಅವ್ವಾ, ನೋವೈತಾ? ಅತ್ತೆ ಈ ಕಡೆ ತಿರುಗುತ್ತಾರೆ, ತಿರುಗಲು ಅರ್ಧ ನಿಮಿಷ, ಮುಖ ಬೂದಿ, ಆದರೂ ನಗುತ್ತಾರೆ, ಇಲ್ಲ ಕಣ್ಲಾ, ಉಣ್ಣೋಗು, ಹೊತ್ತಾಯ್ತು. ಹೇಳು ಮಂಗಳಗೌರಿ, ಈಗ ಹೇಳು, ಕೊಳಗ ಅಂದರು ಅಂತ ಹೇಳು — ಕಂಬಳಿಯೊಳಗಿಂದ ಅತ್ತೆಯ ಕೈ ನನ್ನ ಮಣಿಕಟ್ಟು ಹಿಡಿದು ಅದುಮುತ್ತಿದೆ, ಬೇಡ, ಬೇಡ, ನೆನ್ನೆಯೂ ಹೀಗೇ ಅದುಮಿ ಆಮೇಲೆ ಅಂದರು, ಅವ್ನು ಹೆದರ್ಕತಾನೆ ಕಣವ್ವ, ಅಪ್ಪ ಹೋದಾಗ್ಲೇ ಮೂರ್ ದಿನ ಉಣ್ಲಿಲ್ಲ. ಇಲ್ಲ ಅಂತಾವ್ಳಲ್ಲಮ್ಮ ಅವ್ವ, ಅನ್ನುತ್ತಾರೆ ಭಾವ, ಇಲ್ದಿರೋ ನೋವ್ಗೆ ಯಾಕ್ ಕೊಡ್ತಿಯಾ, ಅಪ್ಪಂಗೂ ನೀನು — ನಿಲ್ಲಿಸಿದರು, ನನ್ನ ಮುಖ ನೋಡಲಿಲ್ಲ, ನನ್ನ ನಾಲಿಗೆ ಮೇಲೇಳಲಿಲ್ಲ, ಪಾಠ ಮಾಡುವ ನಾಲಿಗೆ, ಥೂ, ಅವರು ಅಡುಗೆಮನೆಗೆ ಹೋದರು, ತಟ್ಟೆ ಎಳೆದುಕೊಂಡ ಸದ್ದು, ಅತ್ತೆ ಮೆಲ್ಲಗೆ ಕೈ ಬಿಟ್ಟರು, ಇನ್ನು ಆರು ಗಂಟೆಗೆ, ಆರಕ್ಕೂ ಅವರು ಕೇಳುತ್ತಾರೆ, ಇವರು ಇಲ್ಲ ಅನ್ನುತ್ತಾರೆ, ಕಂಬಳಿಯ ತುದಿಯಲ್ಲಿ ಕಾಲ್ಬೆರಳು ಮಡಚಿಕೊಂಡಿವೆ, ಬಿಚ್ಚಲಿ, ಈಗ ಬಿಚ್ಚಬಹುದು, ಬಿಚ್ಚುತ್ತಿಲ್ಲ, ಮಡಚಿಕೊಂಡೇ ಇವೆ, ಮಡಚಿಕೊಂಡೇ —