ಅಳಿಸಲು ಬಾರದ ವರ

ಕೊಲ್ಹಾಪುರದ ಆ ಸಣ್ಣ ಆಫೀಸಿನಲ್ಲಿ ಕೂತು ನೂತನ ಹುಟ್ಟಿಸಿದಷ್ಟು ಗಂಡುಗಳನ್ನು ಯಾವ ತಾಯಿಯೂ ಹೆತ್ತಿರಲಿಕ್ಕಿಲ್ಲ. ಇಚಲಕರಂಜಿಯ ಬಾಬಾಸಾಹೇಬ ಕಾಕಾ ನಡೆಸುವ ವಧು-ವರ ಕೇಂದ್ರದ ಡೇಟಾಬೇಸ್ ಅವಳ ಸುಪರ್ದಿಯಲ್ಲಿತ್ತು. ಅದು ನೆಟ್ಟಗೆ ನಡೆಯುತ್ತದೋ ಇಲ್ಲವೋ ಎಂದು ದಿನಾ ಬೆಳಿಗ್ಗೆ ಕಂಪ್ಯೂಟರೇ ಪರೀಕ್ಷೆ ಮಾಡಿಕೊಳ್ಳುವಂತೆ ಅವಳು ಎಸ್‌ಕ್ಯೂಎಲ್ ಎಂಬ ಡೇಟಾಬೇಸಿನ ಭಾಷೆಯಲ್ಲಿ ಬರೆದಿಟ್ಟಿದ್ದಳು. ಡೇಟಾಬೇಸಿನ ನಕಲೊಂದರಲ್ಲಿ ಭೂಪಾಲ ಎಂಬ ಸುಳ್ಳು ವರ ಹುಟ್ಟುತ್ತಿದ್ದ, ಅವನಿಗೆ ಹೊಂದುವ ಕನ್ಯೆ ಸಿಗುತ್ತಿದ್ದಳು, ಅವಳ ಮನೆಗೆ ಸಂದೇಶ ಹೋಯಿತೆಂದು ಖಾತ್ರಿಯಾಗುತ್ತಿತ್ತು, ಕೊನೆಗೆ ಭೂಪಾಲ ಅಳಿಸಿಹೋಗುತ್ತಿದ್ದ. ಎಲ್ಲ ಸರಿಯಿದ್ದರೆ ಪರದೆಯ ಮೇಲೆ ಹಸಿರು ಗೆರೆ, ತಪ್ಪಿದರೆ ಕೆಂಪು.

ಆ ಶುಕ್ರವಾರ ಚಹಾದ ಅವಸರದಲ್ಲಿ ನೂತನ ಆ ಪರೀಕ್ಷೆಗೆ ನಕಲಿನ ಬದಲು ಅಸಲಿ ಡೇಟಾಬೇಸಿನ ವಿಳಾಸ ಕೊಟ್ಟುಬಿಟ್ಟಳು. ಆದರೂ ಏನೂ ಆಗಬಾರದಿತ್ತು, ಏಕೆಂದರೆ ಭೂಪಾಲನ ಆಯುಷ್ಯವೇ ಅರ್ಧ ನಿಮಿಷದ್ದು. ಸಂದೇಶ ಹೋದದ್ದೂ ಒಂದೇ ಮನೆಗೆ. ಆದರೆ ಆ ಅರ್ಧ ನಿಮಿಷದಲ್ಲೇ ಗಡಹಿಂಗ್ಲಜದಲ್ಲಿ ಯಾರೋ ಪುಣ್ಯಾತ್ಮರು ಫೋನಿನಲ್ಲಿ ‘ಪಸಂದ’ ಒತ್ತಿ ವರನನ್ನು ಒಪ್ಪಿಬಿಟ್ಟರು. ಕೆಂಪು ಗೆರೆ ಬಂತು. ವರನನ್ನು ಅಳಿಸಲು ಬರುವುದಿಲ್ಲ ಎಂದಿತು ಕಂಪ್ಯೂಟರು.

ಅದು ಬಾಬಾಸಾಹೇಬರ ಕಾಯಿದೆ. ಹೆಣ್ಣಿನವರು ಪಸಂದ ಮಾಡಿದ ಮೇಲೆ ಇನ್ನೂ ದೊಡ್ಡ ಸಂಬಂಧದ ಆಸೆಗೆ ಮಗನ ಹೆಸರು ತೆಗೆಸಿಕೊಳ್ಳುವ ಅಪ್ಪಂದಿರನ್ನು ಕಂಡು ಅವರಿಗೆ ಮೈ ಉರಿದಿತ್ತು. ಹೆಣ್ಣಿನವರು ಬೇಡ ಎನ್ನುವ ತನಕ ವರ ಜಾಗ ಬಿಟ್ಟು ಕದಲಬಾರದು ಎಂದು ಹೇಳಿದ್ದರು. ನೂತನ ಆ ಬೀಗವನ್ನು ಹೆಮ್ಮೆಯಿಂದ ಎಷ್ಟು ಗಟ್ಟಿಯಾಗಿ ಹಾಕಿದ್ದಳೆಂದರೆ, ಅದನ್ನು ಬಿಚ್ಚುವ ಅಧಿಕಾರ ಕಾಕಾ ಒಬ್ಬರಿಗೇ ಇತ್ತು. ಅವರಿಗೆ ಹೇಳಿದರೆ ನೌಕರಿಯ ಕಥೆ ಮುಗಿದಂತೆ. ಒಂದೇ ಒಂದು ಖೋಟಾ ವರ ಕಂಡರೂ ನೂತನಳನ್ನು ಮನೆಗೆ ಕಳಿಸುತ್ತೇನೆಂದು ಮೊದಲ ದಿನವೇ ಎಚ್ಚರಿಸಿದ್ದರು.

ಪಸಂದ ಮಾಡಿದವರು ಯಾರೆಂದು ನೂತನ ತೆರೆದು ನೋಡಿದಳು. ರತ್ನಮಾಲಾ, ಗಡಹಿಂಗ್ಲಜ. ಅವಳ ಸ್ವಂತ ಅವ್ವ. ಮಗಳ ಹೆಸರನ್ನು ಅವ್ವ ಇದೇ ಕೇಂದ್ರದಲ್ಲಿ ಬರೆಸಿದ್ದಳು, ಭೂಪಾಲನಿಗೆ ಹೊಂದಿದ ಕನ್ಯೆ ನೂತನಳೇ.

ಅಷ್ಟರಲ್ಲಿ ಅವ್ವನ ಫೋನೇ ಬಂತು. ಹುಡುಗನಿಗೆ ಕೊಲ್ಹಾಪುರದ ಹತ್ತಿರವೇ ಗೋಕುಳ ಶಿರಗಾಂವದಲ್ಲಿ ಸ್ವಂತ ವರ್ಕ್‌ಶಾಪ್ ಇದೆ, ಉಣ್ಣುವಾಗ ಫೋನು ಮುಟ್ಟುವುದಿಲ್ಲ, ಉಂಡ ತಾಟು ತಾನೇ ತೊಳೆಯುತ್ತಾನೆ, ಹೆಂಡತಿ ಕೆಲಸಕ್ಕೆ ಹೋದರೆ ಡಬ್ಬಿ ಕಟ್ಟಿಕೊಡುತ್ತಾನೆ ಎಂದು ಮಗಳು ಬರೆದದ್ದನ್ನು ಮಗಳಿಗೇ ಓದಿ ಹೇಳಿದಳು. ಚಂದಗಡದ ಮಾಮಾನನ್ನೂ ವಿಚಾರಿಸಿ ಆಗಿತ್ತು. ಮಾಮಾ ಹುಟ್ಟಿದಾಗಿನಿಂದ ಯಾರ ಬಗ್ಗೆಯೂ ಗೊತ್ತಿಲ್ಲ ಎಂದವನಲ್ಲ. ಭೂಪಾಲನ ಅಪ್ಪ ತನ್ನ ಜೊತೆ ಕುಸ್ತಿ ಆಡಿದವ, ಭಾಳ ಸಂಭಾವಿತ ಮನೆತನ ಎಂದಿದ್ದ. ಮರುದಿನವೇ ಇಬ್ಬರೂ ಬಂದು ವರ್ಕ್‌ಶಾಪ್ ನೋಡುವವರಿದ್ದರು.

ಉಳಿದ ದಾರಿ ಒಂದೇ. ಅಳಿಸಲು ಬಾರದ ಭೂಪಾಲನನ್ನು ತಿದ್ದಲು ಬರುತ್ತಿತ್ತು. ಅವ್ವನೇ ಬೇಡ ಎನ್ನುವ ಹಾಗೆ ಅವನನ್ನು ಕೆಡಿಸಬೇಕು. ನೂತನ ಅವನ ಎತ್ತರ ಇಳಿಸಿದಳು. ಪ್ರತಿ ತಿದ್ದುಪಡಿಗೂ ಅವ್ವನ ಫೋನಿಗೆ ಸಂದೇಶ ಹೋಗುತ್ತಿತ್ತು. ಡೇಟಾಬೇಸಿನ ಆ ಭಾಗ ಮಾತ್ರ ಒಮ್ಮೆಯೂ ತಪ್ಪಲಿಲ್ಲ. ನೀನು ಎತ್ತರದ ಚಪ್ಪಲಿ ಬಿಟ್ಟರಾಯಿತು ಎಂದಳು ಅವ್ವ. ನೂತನ ಅವನ ತಲೆ ಬೋಳು ಮಾಡಿದಳು. ನಿಮ್ಮಪ್ಪನನ್ನು ಕಟ್ಟಿಕೊಂಡಾಗ ನಾನೇನು ಕೂದಲು ನೋಡಿದ್ದೆನೇ ಎಂದಳು ಅವ್ವ. ಕೊನೆಗೆ ನೂತನ ಎದೆ ಗಟ್ಟಿ ಮಾಡಿಕೊಂಡು, ಹುಡುಗ ಬಟಾಟೆ ತಿನ್ನುತ್ತಾನೆ ಎಂದು ಬರೆದಳು. ಆಲೂಗಡ್ಡೆ, ಈರುಳ್ಳಿ ಎಂದು ನೆಲದೊಳಗೆ ಬೆಳೆದದ್ದು ಯಾವುದನ್ನೂ ಹೊಸ್ತಿಲು ದಾಟಿಸದ ಜೈನರ ಮನೆ ಅವರದು.

“ಕೊಲ್ಹಾಪುರದಾಗ ನೀ ಬಟಾಟಿ ವಡಾಪಾವ ತಿನ್ನೂದು ನನಗ ಗೊತ್ತಿಲ್ಲಂತ ತಿಳದಿ ಏನ?” ಎಂದಳು ಅವ್ವ. “ಜೋಡಿ ಛಲೋ ಆತು ಬಿಡು.”

ಮರುದಿನ ಕೊಲ್ಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಅವ್ವ ರೇಷ್ಮೆ ಸೀರೆ ಉಟ್ಟು, ಬೀಗರ ಮನೆಗೆಂದು ಮಾಡಿದ ಬೇಸನ್ ಉಂಡಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮಾಮಾ ರಿಕ್ಷಾ ಹುಡುಕಲು ಹೋಗಿದ್ದ. ಅವ್ವನ ಮುಖದ ಮೇಲಿನ ಸಂತೋಷ ನೋಡಿ ನೂತನಳಿಗೆ ಅಳುವೇ ಬಂತು. ನೌಕರಿ ಹೋದರೆ ಹೋಗಲಿ ಎಂದು ಪಕ್ಕದಲ್ಲಿ ಕೂತು ಎಲ್ಲ ಹೇಳಿಬಿಟ್ಟಳು. ಅಂಥ ಹುಡುಗನೇ ಇಲ್ಲ, ಅವನನ್ನು ಬರೆದವಳು ತಾನು.

ಅವ್ವ ಉಂಡಿಯ ಡಬ್ಬಿಯನ್ನು ತೊಡೆಯಿಂದ ತೆಗೆದು ಪಕ್ಕಕ್ಕಿಟ್ಟಳು.

“ತಾಟ ತಾನ ತೊಳೀತಾನಂತ ಬರದಾಕಿನೂ ನೀನ ಏನ?”

“ಹೌದವ್ವ.”

“ಎಂಥಾ ಗಂಡ ಬೇಕಂತ ಇಷ್ಟ ವರ್ಷ ಕೇಳೇನಿ. ಯಾವಾಗ ಕೇಳಿದ್ರೂ ಏನೂ ಇಲ್ಲಂದಿ. ಮಷೀನಿಗೆ ಮಾತ್ರ ಎಲ್ಲಾ ಹೇಳಿದಿ.”

ಅದೇ ಡೇಟಾಬೇಸಿನಲ್ಲಿ ನೂತನಳ ಹೆಸರೂ ಇತ್ತಲ್ಲ. ಅದರ ಮುಂದೆ ‘ಅಪೇಕ್ಷೆ’ ಎಂಬ ಜಾಗ ಖಾಲಿ ಬಿದ್ದಿತ್ತು. ಅವ್ವ ಫೋನು ತೆಗೆದು ‘ಬೇಡ’ ಒತ್ತಿದಳು. ರಿಕ್ಷಾ ತಂದ ಮಾಮಾ, ಆ ಹುಡುಗ ಬೇಡವಾದನೆಂದು ಕೇಳಿ, ತನಗೆ ಮೊದಲೇ ಸಂಶಯವಿತ್ತು, ಅವನ ಅಪ್ಪ ಕುಸ್ತಿಯಲ್ಲೂ ಹೀಗೇ ಜಾರಿಕೊಳ್ಳುತ್ತಿದ್ದ ಎಂದ.

ನೂತನ ಆಫೀಸಿಗೆ ಹೋಗಿ ಅಳಿಸುವ ಆಜ್ಞೆಯನ್ನು ಮತ್ತೆ ನಡೆಸಿದಳು. ಭೂಪಾಲ ಹೋದ, ಹಸಿರು ಗೆರೆ ಬಂತು. ನೌಕರಿ ಉಳಿಯಿತೆಂದು ಹಿಗ್ಗಬೇಕಾದವಳಿಗೆ ಯಾಕೋ ಮನಸ್ಸು ಸಪ್ಪಗಾಯಿತು. ತನ್ನ ಹೆಸರು ತೆರೆದು, ಖಾಲಿ ಜಾಗದಲ್ಲಿ ಬರೆದಳು: ಉಂಡ ತಾಟು ತಾನೇ ತೊಳೆಯಬೇಕು.

ಗಡಹಿಂಗ್ಲಜದ ಬಸ್ಸಿನಲ್ಲಿದ್ದ ಅವ್ವನಿಗೆ ಸಂದೇಶ ಹೋಗಿರಬೇಕು. ಕೂಡಲೇ ಫೋನು ಬಂತು.

“ಬಟಾಟಿದ್ದೂ ಬರಿ,” ಎಂದಳು ಅವ್ವ.